ಪದರಮಣಿದರ್ಪಣ

ಅನುಬಂಧ ಚತುಷ್ಟಯವನ್ನು ಹೇಳದೆ ಶಾಸ್ತ್ರ ಆರಂಭಿಸುವುದು ನಮ್ಮ ಹಿರಿಯರ ಪದ್ಧತಿಯಲ್ಲ. ಆದ್ದರಿಂದ ಮೊದಲು ಅದನ್ನು ಮುಗಿಸಿಬಿಡೋಣ. ವಿಷಯ: ಬೆಳಕಿನ ತರಂಗಾಂತರಕ್ಕಿಂತಲೂ ತೆಳ್ಳಗಿರುವ ಪದರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಬೆಳಕು ಪಡುವ ಪಾಡು. ಅಧಿಕಾರಿ: ಕನ್ನಡಕದ ಅಂಗಡಿಯಲ್ಲಿ ‘ಆಂಟಿ ಗ್ಲೇರ್ ಹಾಕ್ಸೋಣ್ವಾ ಸರ್?’ ಎಂದದ್ದಕ್ಕೆ ಅರ್ಥವಾಗದೆಯೂ ತಲೆಯಾಡಿಸಿ ದುಡ್ಡು ಎಣಿಸಿದ ಸಕಲರೂ. ಸಂಬಂಧ: ಕನ್ನಡಕಕ್ಕೂ ಕಣ್ಣಿಗೂ ಇರುವಂಥದ್ದೇ. ಪ್ರಯೋಜನ: ಕೊನೆಯ ಫಲಶ್ರುತಿಯಲ್ಲಿದೆ, ಅಲ್ಲಿಯವರೆಗೂ ಓದುವುದು ಓದುಗನ ಧರ್ಮ.

13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರು ಮೆಟ್ಟಿಲು ಕಟ್ಟಿದ. ಶಬ್ದಕ್ಕೆ ಕನ್ನಡಿ ಹಿಡಿದವನ ಈ ವ್ಯವಸ್ಥೆ ಸಾಕ್ಷಾತ್ ಕನ್ನಡಿಗಳ ಶಾಸ್ತ್ರಕ್ಕೂ ಸಲ್ಲಬೇಕು. ಸೂತ್ರಗಳು ಮಾತ್ರ ಕಂದಪದ್ಯದಲ್ಲಿಲ್ಲ, ಗದ್ಯದಲ್ಲಿವೆ. ಓದುಗರ ಮೇಲಿನ ಕರುಣೆಯೇ ಇದಕ್ಕೆ ಕಾರಣ. ಯಾವ ಶಾಸ್ತ್ರದಲ್ಲೂ ಇರುವಂತೆ ಇಲ್ಲಿಯೂ ಒಬ್ಬ ಪೂರ್ವಪಕ್ಷಿ ಇದ್ದಾನೆ. ಇವನಿಗೆ ಏನು ತೋರಿಸಿದರೂ ತಲೆ ವಾರೆ ಮಾಡಿ ನೋಡುವ ಚಾಳಿ. ಅದರಿಂದಾಗುವ ಅನಾಹುತ ಮುಂದೆ ತಿಳಿಯುತ್ತದೆ.

ಸಂಜ್ಞಾಪ್ರಕರಣ

ಸೂತ್ರ 1: ತನ್ನಲ್ಲಿ ಬಣ್ಣವಿಲ್ಲದೆ, ತನ್ನ ದಪ್ಪದಿಂದಲೇ ಬಣ್ಣ ತೋರುವುದು ಪದರ.

ವೃತ್ತಿ: ಅರಿಶಿನ ಹಳದಿಯಾಗಿ ಕಾಣುವುದು ಅದರೊಳಗಿನ ವರ್ಣದ್ರವ್ಯ ನೀಲಿ ಬೆಳಕನ್ನು ನುಂಗುವುದರಿಂದ. ಕೊಂಬಾಗಿದ್ದರೂ ಹಳದಿ, ಅರೆದರೂ ಹಳದಿ, ಸಾರಿನಲ್ಲಿ ಕುದಿಸಿದರೂ ಹಳದಿ. ಅದು ದ್ರವ್ಯದ ಬಣ್ಣ. ನಮ್ಮ ಶಾಸ್ತ್ರದ ಎಲ್ಲೆಯಾಚೆಗಿನದು. ನಮ್ಮದು ಅಳತೆಯ ಬಣ್ಣ. ಟೈಟಾನಿಯಂ ಡೈಆಕ್ಸೈಡ್ ಎಂದರೆ ಗೋಡೆಗೆ ಬಳಿಯುವ ಪೇಂಟಿನ ಬಿಳುಪು. ಸಿಲಿಕಾ ಎಂದರೆ ಮರಳಿನ ಸಾರ. ಎರಡಕ್ಕೂ ಸ್ವಂತದ ಬಣ್ಣವಿಲ್ಲ. ಮೊದಲನೆಯದನ್ನು ಸುಮಾರು 58 ನ್ಯಾನೋಮೀಟರ್, ಎರಡನೆಯದನ್ನು ಸುಮಾರು 94 ನ್ಯಾನೋಮೀಟರ್ ದಪ್ಪಕ್ಕೆ ಒಂದಾದ ಮೇಲೊಂದರಂತೆ ಗಾಜಿನ ಮೇಲೆ ಕೂರಿಸುತ್ತ ಹೋದರೆ ಹಸಿರುಹಳದಿ ಹೊಳೆಯುವ ಕನ್ನಡಿ ಸಿದ್ಧ. ಅದರ ಮೂಲಕ ಆಚೆ ನೋಡಿದರೆ ಲೋಕವೆಲ್ಲ ನೇರಳೆ. ಅದನ್ನೇ ಕೆರೆದು ಕುಟ್ಟಿದರೆ ಕೈಯಲ್ಲಿ ಉಳಿಯುವುದು ಬಿಳಿ ಪುಡಿ. ಆದ್ದರಿಂದ ಪದರಜಾತಿಯ ಮೊದಲ ಪರೀಕ್ಷೆ: ಅರೆದು ನೋಡು. ಬಣ್ಣ ಉಳಿದರೆ ದ್ರವ್ಯ, ಅಳಿದರೆ ಪದರ.

ಸೂತ್ರ 2: ಗಡಿಯಿದ್ದಲ್ಲಿ ಸುಂಕವುಂಟು, ಮರಳಿದ ಅಲೆಗಳು ಹೆಜ್ಜೆ ಕೂಡಿದರೆ ಹೊಳಪು, ತಪ್ಪಿದರೆ ಕತ್ತಲೆ.

ವೃತ್ತಿ: ವಕ್ರೀಭವನಾಂಕ ಬದಲಾಗುವ ಪ್ರತಿಯೊಂದು ಗಡಿಯೂ ಬೆಳಕಿಗೊಂದು ಸುಂಕದಕಟ್ಟೆ. ಗಾಳಿಯಿಂದ 1.52 ಅಂಕದ ಗಾಜಿಗೆ ದಾಟುವಾಗ ಶೇ 4ಕ್ಕಿಂತ ತುಸು ಹೆಚ್ಚು ಬೆಳಕು ಅಲ್ಲಿಂದಲೇ ಹಿಂದಿರುಗುತ್ತದೆ. ಪದರವೆಂದ ಮೇಲೆ ಗಡಿಗಳು ಎರಡು: ಮೇಲಿನದು, ಕೆಳಗಿನದು. ಎರಡರಿಂದಲೂ ಮರಳಿದ ಅಲೆಗಳು ಉಬ್ಬಿಗೆ ಉಬ್ಬು ಕೂಡಿದರೆ ಬಲಿಯುತ್ತವೆ. ಉಬ್ಬಿಗೆ ತಗ್ಗು ಕೂಡಿದರೆ ಅಳಿಯುತ್ತವೆ. ಇದಕ್ಕೆ ವ್ಯತಿಕರಣವೆಂದು ಹೆಸರು; 19ನೇ ಶತಮಾನದ ಆರಂಭದಲ್ಲಿ ಥಾಮಸ್ ಯಂಗ್ ಇದನ್ನು ನೆಲೆಗೊಳಿಸಿದ. ಒಂದು ಉಪನಿಯಮವೂ ಉಂಟು: ಕಡಿಮೆ ಅಂಕದಿಂದ ಹೆಚ್ಚು ಅಂಕದ ಗಡಿಗೆ ತಾಗಿ ಮರಳುವ ಅಲೆ ತಲೆಕೆಳಗಾಗುತ್ತದೆ, ಉಬ್ಬು ತಗ್ಗಾಗುತ್ತದೆ. ಹೆಚ್ಚಿನಿಂದ ಕಡಿಮೆಗಾದರೆ ಹಾಗಾಗದು.

ಪ್ರಯೋಗ: ತಂತಿಯ ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ನೆಟ್ಟಗೆ ಹಿಡಿಯಿರಿ. ನೀರು ಕೆಳಗೆ ಜಾರಿದಂತೆ ಬಣ್ಣದ ಪಟ್ಟೆಗಳೂ ಒಂದರ ಹಿಂದೊಂದು ಇಳಿಯುತ್ತವೆ. ಕೊನೆಗೆ ಮೇಲ್ತುದಿಯಲ್ಲಿ ಪೊರೆ ಕರ್ರಗಾಗುತ್ತದೆ, ಅಲ್ಲಿ ತೂತು ಬಿದ್ದಿದೆಯೇನೋ ಎನ್ನುವಷ್ಟು. ತೂತಲ್ಲ. ಅಲ್ಲಿ ಪೊರೆ ಎಷ್ಟು ತೆಳುವೆಂದರೆ ಎರಡು ಗಡಿಗಳ ನಡುವೆ ದಾರಿಯೇ ಇಲ್ಲದಂತಾಗಿದೆ. ಒಂದು ಅಲೆ ತಲೆಕೆಳಗು, ಇನ್ನೊಂದು ನೆಟ್ಟಗೆ, ಎರಡೂ ಸೇರಿ ಸೊನ್ನೆ. ನ್ಯೂಟನ್ 1704ರ ‘ಆಪ್ಟಿಕ್ಸ್’ನಲ್ಲಿ ಈ ಕಪ್ಪನ್ನು ಎಚ್ಚರದಿಂದ ದಾಖಲಿಸಿದ್ದಾನೆ. ಪೂರ್ವಪಕ್ಷಿ ಬಳೆಯನ್ನು ವಾರೆ ಮಾಡಲು ಕೈಚಾಚುವಷ್ಟರಲ್ಲಿ ಪೊರೆ ಒಡೆಯಿತು. ಒಳ್ಳೆಯದೇ ಆಯಿತು.

ಏಕಪದರಿಪ್ರಕರಣ

ಸೂತ್ರ 3: ಒಂದೇ ಪದರವುಳ್ಳದ್ದು ಏಕಪದರಿ, ಅದು ಶೋಭಾಕರ, ಶೋಭಾಹರ ಎಂದು ಇಬ್ಬಗೆ.

ವೃತ್ತಿ: ಬಣ್ಣ ಕೂಡಿಸುವುದು ಶೋಭಾಕರ. ಮಳೆ ನಿಂತ ಮೇಲೆ ಪೆಟ್ರೋಲ್ ಬಂಕಿನ ಮುಂದಿನ ಒದ್ದೆ ಟಾರಿನ ಮೇಲೆ ಹರಡಿದ ಎಣ್ಣೆ ಇದರ ಬಡ ಉದಾಹರಣೆ. ಇದನ್ನು ಕಾಮನಬಿಲ್ಲೆನ್ನುವವರು ಲಕ್ಷಣವರಿಯದವರು. ಕಾಮನಬಿಲ್ಲು ಹನಿಗಳ ಕೆಲಸ, ಇದು ಪೊರೆಯ ಕೆಲಸ. ಉತ್ತಮ ಉದಾಹರಣೆ ಕಮ್ಮಾರನ ಕುಲುಮೆಯಲ್ಲಿದೆ. ಗಡುಸಾದ ಉಳಿಯನ್ನು ಉಜ್ಜಿ ಹೊಳಪು ಬರಿಸಿ, ಹದ ಕೊಡಲು ಮತ್ತೆ ಮೆಲ್ಲಗೆ ಕಾಯಿಸುವಾಗ ಉಕ್ಕಿನ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. 230 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಒಣಹುಲ್ಲಿನ ಹಳದಿ, ಇನ್ನೂ ಕಾದರೆ ನೇರಳೆ, 300ರ ಹತ್ತಿರ ನೀಲಿ. ಥರ್ಮಾಮೀಟರಿನ ಹಂಗಿಲ್ಲದ ಕಮ್ಮಾರ ಆ ಬಣ್ಣ ನೋಡಿಯೇ ಉಳಿಯನ್ನು ನೀರಿಗಿಳಿಸುತ್ತಾನೆ. ಅವನು ಅಳೆಯುತ್ತಿರುವುದು ಬರೀ ಹತ್ತಾರು ನ್ಯಾನೋಮೀಟರುಗಳ ದಪ್ಪವನ್ನು, ಅದೂ ಬರಿಗಣ್ಣಿನಲ್ಲಿ. ಈ ಶಾಸ್ತ್ರದಲ್ಲಿ ಅವನಿಗೆ ಆಚಾರ್ಯಪದವಿ ಸಲ್ಲುತ್ತದೆ.

ಹೊಳಪು ಕಳೆಯುವುದು ಶೋಭಾಹರ. ಗಾಜಿನ ಮೇಲೆ 1.38 ಅಂಕದ ಮೆಗ್ನೀಸಿಯಂ ಫ್ಲೋರೈಡನ್ನು ನೂರು ನ್ಯಾನೋಮೀಟರ್ ದಪ್ಪ, ಅಂದರೆ ಅದರೊಳಗೆ ಹಸಿರು ಬೆಳಕಿನ ಅಲೆಯ ಕಾಲುಭಾಗದಷ್ಟು, ಬಳಿದರೆ ಎರಡೂ ಗಡಿಗಳ ಸುಂಕ ಪರಸ್ಪರ ವಜಾ ಆಗುತ್ತದೆ. ಶೇ 4.3ರಷ್ಟಿದ್ದ ಪ್ರತಿಫಲನ ಶೇ 1.3ಕ್ಕಿಳಿಯುತ್ತದೆ. ಪೂರ್ತಿ ಸೊನ್ನೆಯಾಗಬೇಕಾದರೆ ಪದರದ ಅಂಕ 1.52ರ ವರ್ಗಮೂಲ, ಅಂದರೆ 1.23 ಇರಬೇಕು. ಅಷ್ಟು ಕಡಿಮೆ ಅಂಕವೂ ಇದ್ದು, ಒರೆಸಿದರೆ ತಡೆದುಕೊಳ್ಳುವಷ್ಟು ಗಟ್ಟಿಯೂ ಆದ ಪದಾರ್ಥ ಕೈಗೆ ಸಿಗದ್ದರಿಂದ ಅಂಗಡಿಯವರು ಒಂದರ ಬದಲು ಹಲವು ಪದರ ಹಚ್ಚುತ್ತಾರೆ.

ಪೂರ್ವಪಕ್ಷ: ಅಳಿದ ಬೆಳಕು ಹೋಯಿತೆಲ್ಲಿಗೆ? ಸಿದ್ಧಾಂತ: ಆಚೆಗೆ ಹೋಯಿತು. ವಾಪಸು ಬರುವ ದಾರಿ ಮುಚ್ಚಿದರೆ ಮುಂದಿನ ದಾರಿ ತೆರೆಯುತ್ತದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಮಸೂರ ತಜ್ಞ ಡೆನಿಸ್ ಟೇಲರ್ ಕಂಡದ್ದು ಇದನ್ನೇ: ಕಾಲ ಕಳೆದು ಮಾಸಿದ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕು ಬಿಡುತ್ತಿದ್ದವು. ಕಿಲುಬೇ ಪದರವಾಗಿತ್ತು. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ನಿರ್ವಾತದಲ್ಲಿ ಇಂಥ ಲೇಪ ಹಚ್ಚುವುದಕ್ಕೆ ಪೇಟೆಂಟ್ ಪಡೆದ. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಕ್ಯಾಥರೀನ್ ಬ್ಲಾಜೆಟ್ ಒಂದೊಂದು ಅಣು ದಪ್ಪದ 44 ಪದರಗಳನ್ನು ಗಾಜಿಗೆ ಹತ್ತಿಸಿ ‘ಕಾಣದ ಗಾಜು’ ಮಾಡಿ ತೋರಿಸಿದರು. ಒರೆಸಿದರೆ ಬಿಟ್ಟುಹೋಗುವುದೊಂದೇ ಅದರ ಕೊರತೆ.

ಪ್ರಯೋಗ: ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ನಿಮ್ಮ ಕನ್ನಡಕದ ಮೇಲ್ಮೈಯಲ್ಲಿ ಹುಡುಕಿ. ಬಿಳಿಯಾಗಿ ಕಂಡರೆ ಬರಿ ಗಾಜು ಅಥವಾ ಪ್ಲಾಸ್ಟಿಕ್. ಮಂದವಾದ ಹಸಿರೋ ನೇರಳೆಯೋ ಕಂಡರೆ ಲೇಪವುಂಟು. ಆ ಬಣ್ಣ ವಜಾ ಆಗದೆ ಉಳಿದ ಬಾಕಿ. ಬೆರಳಚ್ಚು ಬಿದ್ದರೆ ಲೇಪವಿದ್ದ ಗಾಜಿನಲ್ಲಿ ಅದು ಎದ್ದು ಕಾಣುತ್ತದೆ, ಏಕೆಂದರೆ ಬೆರಳಿನ ಜಿಡ್ಡು ಅನುಮತಿಯಿಲ್ಲದೆ ಸೇರಿದ ಮತ್ತೊಂದು ಪದರ. ಪಂಚೆಯ ಅಂಚಿನಲ್ಲಿ ಒರೆಸುವವರು ಶಾಸ್ತ್ರದ್ರೋಹಿಗಳು.

ಸಮಪದರಿಪ್ರಕರಣ

ಸೂತ್ರ 4: ಹೆಚ್ಚಂಕ, ಕಡಿಮೆಯಂಕ ಎಂಬ ಎರಡು ಪದರಗಳು ಕಾಲಲೆಯ ದಪ್ಪದಲ್ಲಿ ಜೋಡಿ ಜೋಡಿಯಾಗಿ ಮರುಕಳಿಸಿದರೆ ಸಮಪದರಿ.

ಸೂತ್ರ 5: ಜೋಡಿ ಹೆಚ್ಚಿದಷ್ಟೂ ಹಠ ಹೆಚ್ಚು, ಅಂಕಗಳ ಅಂತರ ಹೆಚ್ಚಿದಷ್ಟೂ ಬಹಿಷ್ಕಾರದ ವ್ಯಾಪ್ತಿ ಹೆಚ್ಚು.

ವೃತ್ತಿ: ಇಲ್ಲಿ ಪ್ರತಿಯೊಂದು ಗಡಿಯಿಂದ ಮರಳಿದ ಅಲೆಯೂ ಉಳಿದೆಲ್ಲವುಗಳೊಂದಿಗೆ ಹೆಜ್ಜೆ ಕೂಡಿಯೇ ಬರುತ್ತದೆ. ಟೈಟಾನಿಯಂ ಡೈಆಕ್ಸೈಡ್‌ಗೆ 2.35, ಸಿಲಿಕಾಕ್ಕೆ 1.46 ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ 550 ನ್ಯಾನೋಮೀಟರಿನ ಹಸಿರು ಬೆಳಕಿನಲ್ಲಿ ಒಂದು ಜೋಡಿ ಮರಳಿಸುವುದು ಶೇ 35. ಎರಡು ಜೋಡಿ ಶೇ 67. ಮೂರು ಜೋಡಿ ಶೇ 86. ಐದಕ್ಕೆ ಶೇ 98. ಹತ್ತು ಜೋಡಿಗೆ ಶೇ 99.98. ಅಲ್ಯೂಮಿನಿಯಂ ಬಳಿದ ಕನ್ನಡಿ ಶೇ 90ರ ಆಸುಪಾಸಿನಲ್ಲೇ ನಿಟ್ಟುಸಿರು ಬಿಡುತ್ತದೆ. ಲೋಹ ಸ್ವಲ್ಪ ಬೆಳಕನ್ನು ನುಂಗುತ್ತದೆ; ನಮ್ಮ ಸಮಪದರಿ ನುಂಗುವುದೇ ಇಲ್ಲವೆನ್ನಬಹುದು. ಎರಡು ಪಾರದರ್ಶಕಗಳು ಕೂಡಿ ಲೋಹವನ್ನೇ ನಾಚಿಸುವ ಕನ್ನಡಿಯಾಗುವುದು ಈ ಪ್ರಕರಣದ ಚಮತ್ಕಾರ. ಆ ಹತ್ತು ಜೋಡಿಗಳ ಒಟ್ಟು ದಪ್ಪ ಒಂದೂವರೆ ಮೈಕ್ರೋಮೀಟರ್.

ಬಹಿಷ್ಕಾರದ ವ್ಯಾಪ್ತಿಯೆಂದರೆ ಒಳಗೆ ಕಾಲಿಡಲು ಅಪ್ಪಣೆಯಿಲ್ಲದ ತರಂಗಾಂತರಗಳ ಪಟ್ಟಿ. ಮೇಲಿನ ಲೆಕ್ಕದಲ್ಲಿ ಅದು ಸುಮಾರು 480ರಿಂದ 650 ನ್ಯಾನೋಮೀಟರ್. ಜೋಡಿ ಎಷ್ಟೇ ಕೂಡಿಸಿ, ಪಟ್ಟಿ ಅಗಲವಾಗದು. ನಿಷೇಧ ಬಿಗಿಯಾಗುತ್ತದೆ, ಅಷ್ಟೆ. ಪಟ್ಟಿ ಅಗಲವಾಗಬೇಕಾದರೆ ಎರಡು ಪದಾರ್ಥಗಳ ಅಂಕಗಳೇ ದೂರ ಸರಿಯಬೇಕು. ಅಂತರ ಕಡಿಮೆಯಿದ್ದವರು ಜೋಡಿ ಹೆಚ್ಚಿಸಿ ಹೊಟ್ಟೆ ಹೊರೆಯಬೇಕು: ಮುಖ ನೋಡಿ ಬೀಗ ತೆಗೆಯುವ ಫೋನುಗಳಲ್ಲಿ, ಕಂಪ್ಯೂಟರಿನ ಲೇಸರ್ ಮೌಸುಗಳಲ್ಲಿ ಇರುವ ಪುಟ್ಟ ಲೇಸರುಗಳ ಗ್ಯಾಲಿಯಂ ಆರ್ಸೆನೈಡ್ ಜಾತಿಯ ಕನ್ನಡಿಗಳಿಗೆ ಇಪ್ಪತ್ತು ಮೂವತ್ತು ಜೋಡಿ ಬೇಕಾಗುವುದು ಈ ಕಾರಣಕ್ಕೆ.

ಗುರುಪರಂಪರೆ: ಆವರ್ತಕ ಪದರಗಳೊಳಗೆ ಕೆಲವು ಅಲೆಗಳಿಗೆ ಪ್ರವೇಶವೇ ಇಲ್ಲವೆಂದು ಲಾರ್ಡ್ ರೇಲೀ 1887ರಲ್ಲಿ ಗಣಿತದಿಂದ ತೋರಿಸಿದ. ಮರುವರ್ಷವೇ ಪೊಟ್ಯಾಸಿಯಂ ಕ್ಲೋರೇಟ್ ಹರಳುಗಳ ಮಿನುಗುಬಣ್ಣಕ್ಕೆ ಕಾರಣ ಅವುಗಳೊಳಗಿನ ಪದರಗಳೆಂದ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ 1942ರಲ್ಲಿ ಆವರ್ತಕ ಪದರಗಳ ಪ್ರತಿಫಲನದ ಮೇಲೆ ಪ್ರಬಂಧ ಬರೆದರು. ಮುಂದೆ ಪ್ರೋಟೀನುಗಳ ರಚನೆಯಿಂದ ಜಗತ್ಪ್ರಸಿದ್ಧರಾದವರು ಇವರೇ. ರೇಲೀಯ ಪ್ರಬಂಧಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ, 1987ರಲ್ಲಿ, ಎಲೈ ಯಾಬ್ಲೊನೊವಿಚ್ ಮತ್ತು ಕೇರಳ ಮೂಲದ ಸಜೀವ್ ಜಾನ್ ಬೇರೆ ಬೇರೆಯಾಗಿ ಇದೇ ಬಹಿಷ್ಕಾರವನ್ನು ಮೂರು ದಿಕ್ಕಿಗೂ ವಿಸ್ತರಿಸುವ ಮಾತೆತ್ತಿದರು. ಅಲ್ಲಿಂದ ಇಡೀ ಕುಲಕ್ಕೆ ಫೋಟಾನಿಕ್ ಸ್ಫಟಿಕವೆಂಬ ಹೆಸರು ಬಂತು. ಸಮಪದರಿ ಅದರ ಒಂದೇ ದಿಕ್ಕಿನ ಹಿರಿಯಣ್ಣ.

ಪ್ರಯೋಗ: ಹಳೇ ಮೈಸೂರಿನ ಮಕ್ಕಳು ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದರಷ್ಟೆ. ಅದರ ರೆಕ್ಕೆಕವಚದ ಹಸಿರು ಹೊಳಪು ಹೊರಪೊರೆಯ ಸಮಪದರಗಳದು. ಅದೇ ಪೊಟ್ಟಣದ ಕಡ್ಡಿಗಳ ತುದಿಗೆ ಮೆತ್ತಿದ್ದ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಶಾಸ್ತ್ರದ ಎರಡು ಉದಾಹರಣೆಗಳು ವಾಸವಾಗಿದ್ದವು; ಹುಡುಗರು ಹುಳುವಿಗೆ ಜಾಲಿಸೊಪ್ಪು ಹಾಕುತ್ತ ಅದನ್ನು ಗಮನಿಸಲಿಲ್ಲ.

ಮಹಾಪ್ರಯೋಗ: ಅಮೆರಿಕದ ಲೈಗೋ ವೀಕ್ಷಣಾಲಯಗಳಲ್ಲಿ ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳ ಕೊನೆಯಲ್ಲಿ 40 ಕಿಲೋ ತೂಕದ, 34 ಸೆಂಟಿಮೀಟರ್ ಅಡ್ಡಳತೆಯ ಸಿಲಿಕಾ ದಿಂಡುಗಳು ತೂಗುತ್ತಿವೆ. ಮುಖಕ್ಕೆ ಸಿಲಿಕಾ ಮತ್ತು ಟೈಟಾನಿಯಾ ಬೆರೆಸಿದ ಟ್ಯಾಂಟಲಾ ಪದರಗಳು. ಬಿದ್ದ ಲೇಸರಿನಲ್ಲಿ ಇವು ನುಂಗುವುದು ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತಲೂ ಕಡಿಮೆ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಯನ್ನು ಮೊದಲು ಹಿಡಿದದ್ದು ಈ ಕನ್ನಡಿಗಳ ನೆರವಿನಿಂದಲೇ. ಇಷ್ಟಾದರೂ ಪದರಗಳ ಅಣುಗಳು ಶಾಖದಿಂದ ಮಿಡುಕಾಡುವ ಸಪ್ಪಳವೇ ಈಗ ಆ ಉಪಕರಣದ ಸೂಕ್ಷ್ಮತೆಗೆ ಅಡ್ಡಬರುವ ಕಾರಣಗಳಲ್ಲೊಂದು. ಬೆಳಕನ್ನು ಒಳಗೆ ಬಿಡದವನಿಗೂ ಮೈಯೊಳಗಿನ ನಡುಕ ತಪ್ಪದು.

ವಿಷಮಪದರಿಪ್ರಕರಣ

ಸೂತ್ರ 6: ಪದರಗಳ ದಪ್ಪ ಒಂದರಂತೆ ಒಂದಿಲ್ಲದಿದ್ದರೆ ವಿಷಮಪದರಿ, ಅದರ ಬಣ್ಣ ಬೆಳ್ಳಿ.

ವೃತ್ತಿ: ತೆಳುಜೋಡಿ ನೀಲಿಯನ್ನು, ನಡುಜೋಡಿ ಹಸಿರನ್ನು, ದಪ್ಪಜೋಡಿ ಕೆಂಪನ್ನು ಮರಳಿಸಿದರೆ ಎಲ್ಲವೂ ಸೇರಿ ಬೆಳ್ಳಗೆ. ಕರಾವಳಿಯ ಮೀನುಮಾರುಕಟ್ಟೆಯಲ್ಲಿ ಬೂತಾಯಿ ಬೆಳ್ಳಿಯಂತೆ ಹೊಳೆಯುವುದನ್ನು ಕಂಡು ಲೋಹವೆಂದು ಭ್ರಮಿಸಬಾರದು. ಮೀನಿನ ಬೆಳ್ಳಿಯೆಂದರೆ ಗ್ವಾನೀನ್ ಎಂಬ ನಿರ್ವರ್ಣ ಹರಳಿನ ಹಲ್ಲೆಗಳು ಮತ್ತು ನಡುವೆ ಜೀವರಸ, ದಪ್ಪಗಳಲ್ಲಿ ಬೇಕೆಂದೇ ಏರುಪೇರು. ಸಮುದ್ರದ ತಿಳಿಬೆಳಕು ಸುತ್ತಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಮೈಯೇ ಕನ್ನಡಿಯಾದ ಮೀನು ಕಾಣದಂತಾಗುತ್ತದೆ. ಮಾರುಕಟ್ಟೆಯ ಬುಟ್ಟಿಯಲ್ಲಿ ಆ ಉಪಾಯ ನಡೆಯುವುದಿಲ್ಲ.

ಪ್ರಯೋಗ: 2014ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಆಸ್ವತ್ ರಾಮನ್, ಶಾನ್‌ಹುಯಿ ಫ್ಯಾನ್ ಮತ್ತು ಸಂಗಡಿಗರು ಬೆಳ್ಳಿಯ ತಳದ ಮೇಲೆ ಹಾಫ್ನಿಯಂ ಡೈಆಕ್ಸೈಡ್ ಮತ್ತು ಸಿಲಿಕಾದ ಏಳು ವಿಷಮಪದರಗಳನ್ನು ಇಟ್ಟರು. ಕೆಳಗಿನವು ಬೆಳ್ಳಿಗೆ ಕೈಜೋಡಿಸಿ ಬಿಸಿಲಿನ ಶೇ 97ನ್ನು ಹಿಂದಕ್ಕಟ್ಟಿದವು. ಮೇಲಿನ ದಪ್ಪನೆಯವು ತಮ್ಮ ಶಾಖವನ್ನು 8ರಿಂದ 13 ಮೈಕ್ರೋಮೀಟರಿನ ಅವಕೆಂಪಾಗಿ ಆಕಾಶಕ್ಕೆ ಹೊಮ್ಮಿಸಿದವು. ಆ ಪಟ್ಟಿಗೆ ವಾತಾವರಣದಲ್ಲಿ ಕಿಟಕಿ ತೆರೆದಿದೆ. ನೇರ ಬಿಸಿಲಿನಲ್ಲಿಟ್ಟ ಹಲ್ಲೆ, ಕರೆಂಟಿಲ್ಲದೆ, ಸುತ್ತಲಿನ ಗಾಳಿಗಿಂತ 4.9 ಡಿಗ್ರಿ ತಣ್ಣಗಾಯಿತು. ಬಣ್ಣದ ಸಿ.ವಿ. ರಾಮನ್ ಅವರಿಗೂ ಈ ತಂಪಿನ ರಾಮನ್ ಅವರಿಗೂ ಹೆಸರಿನ ನಂಟಷ್ಟೆ.

ದೋಷಗರ್ಭಪ್ರಕರಣ

ಸೂತ್ರ 7: ಸಮಪದರಿಯ ನಡುವೆ ಒಂದು ಪದರ ಅಳತೆ ತಪ್ಪಿದರೆ ಅದು ದೋಷಗರ್ಭ; ಇಲ್ಲಿ ದೋಷವೇ ಗುಣ.

ವೃತ್ತಿ: ಆಲಂಕಾರಿಕರು ದೋಷವೂ ಕೆಲವೊಮ್ಮೆ ಗುಣವಾಗುತ್ತದೆಂದು ಹೇಳಿ ಕವಿಗಳನ್ನು ಸಮಾಧಾನಪಡಿಸಿದ್ದರು. ಎಂಜಿನಿಯರುಗಳಿಗೆ ಅದು ಅಕ್ಷರಶಃ ಸತ್ಯ. ಎರಡು ಕಡೆ ಸಮಪದರಿಗಳನ್ನು ನಿಲ್ಲಿಸಿ ನಡುವಿನ ಒಂದನ್ನು ಅರ್ಧಲೆಯಷ್ಟು ದಪ್ಪ ಮಾಡಿದರೆ, ಇಡೀ ಬಹಿಷ್ಕಾರವಲಯದ ನಟ್ಟನಡುವೆ ಒಂದೇ ಒಂದು ಕಿರಿದಾದ ತರಂಗಾಂತರಕ್ಕೆ ಬಾಗಿಲು ತೆರೆಯುತ್ತದೆ. ಆ ಬೆಳಕು ದೋಷದ ಕೋಣೆಯಲ್ಲಿ ಹಿಂದೆ ಮುಂದೆ ಓಡಾಡಿ ಬಲಿತು ಆಚೆ ದಾಟುತ್ತದೆ, ಉಳಿದವೆಲ್ಲ ಹೊರಗೇ. 1899ರ ಫ್ಯಾಬ್ರಿ–ಪೆರೋ ಉಪಕರಣದ ತತ್ತ್ವ ಇದೇ. ಸೂರ್ಯನ ಹೈಡ್ರೋಜನ್ನಿನ 656.3 ನ್ಯಾನೋಮೀಟರ್ ಕೆಂಪನ್ನು ಮಾತ್ರ ಒಳಬಿಡುವ ಫಿಲ್ಟರುಗಳು, ಒಂದೇ ಫೈಬರಿನಲ್ಲಿ ಹರಿಯುವ ಹಲವು ತರಂಗಾಂತರಗಳನ್ನು ಬೇರ್ಪಡಿಸುವ ಫಿಲ್ಟರುಗಳು ಈ ವಂಶದವು.

ಬಂಧುಪ್ರಕರಣ ಮತ್ತು ಆಭಾಸಪ್ರಕರಣ

ಸೂತ್ರ 8: ಒಂದಕ್ಕಿಂತ ಹೆಚ್ಚು ದಿಕ್ಕಿನಲ್ಲಿ ಆವರ್ತಿಸುವುದು ಬಂಧು; ಪದರವಿಲ್ಲದೆ ಪದರದಂತೆ ತೋರುವುದು ಆಭಾಸ.

ವೃತ್ತಿ: ನವಿಲುಗರಿಯ ಕಿರುಗರಿಗಳೊಳಗೆ ಮೆಲನಿನ್ ಕಡ್ಡಿಗಳು ಎರಡು ದಿಕ್ಕಿನಲ್ಲಿ ಸಾಲುಗೂಡಿವೆ. ಕಡ್ಡಿ ಕಡ್ಡಿಯ ನಡುವಿನ ಅಂತರ ಬದಲಾದಂತೆ ಬಣ್ಣ ಬದಲಾಗುತ್ತದೆಂದು ಚೀನಾದ ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ಪ್ಯಾಂಥರ್ ಗೋಸುಂಬೆ ಚರ್ಮದೊಳಗಿನ ಗ್ವಾನೀನ್ ಹರಳುಗಳ ನಡುವಿನ ದೂರವನ್ನೇ ಹಿಗ್ಗಿಸಿ ಹಸಿರಿನಿಂದ ಹಳದಿಗೆ ಸರಿಯುತ್ತದೆ. ಗೋಸುಂಬೆತನ ಎಂದು ಬೈಯುವವರು ಇನ್ನು ಮೇಲೆ ಅದರ ಎಂಜಿನಿಯರಿಂಗನ್ನೂ ಹೊಗಳಬೇಕು. ಮಾಗಿದ ರುದ್ರಾಕ್ಷಿ ಹಣ್ಣು ಕಡುನೀಲಿ. ಅದರಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ, ಸಿಪ್ಪೆಯ ಜೀವಕೋಶಗಳ ಹೊರಗೋಡೆಯ ಒಳಮಗ್ಗುಲಲ್ಲಿ ಪದರಪದರವಾದ ರಚನೆಯಿದೆ ಎಂದು ಡೇವಿಡ್ ಲೀ 1991ರಲ್ಲಿ ಪ್ರಕಟಿಸಿದರು. ಇದು ಬಂಧುವಲ್ಲ, ಸ್ವಂತ ಮನೆಯದೇ. ನೀಲಕಂಠನ ಕೊರಳಿಗೇರುವ ಬೀಜದ ಹೊದಿಕೆಯಾದ್ದರಿಂದ ಗೌರವಕ್ಕಾಗಿ ಪ್ರತ್ಯೇಕ ಪೀಠ.

ಜಾತಿನಿರ್ಣಯದಲ್ಲಿ ಮಹಾಮಹಿಮರಿಗೂ ತೊಡಕಾದ ವಸ್ತು ಓಪಲ್. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್, ಮುತ್ತಿನಚಿಪ್ಪು, ಗರಿ, ಪೊಟ್ಯಾಸಿಯಂ ಕ್ಲೋರೇಟ್ ಎಂದು ಮಿನುಗುವ ವಸ್ತುಗಳನ್ನು ಬಿಡದೆ ಪರೀಕ್ಷಿಸಿದವರು. 1950ರ ದಶಕದ ಆರಂಭದಲ್ಲಿ ಓಪಲ್ಲನ್ನೂ ಕೈಗೆತ್ತಿಕೊಂಡು ಅದು ಪದರಗಳಿಂದಾದ ರಚನೆಯೆಂದು ಪ್ರತಿಪಾದಿಸಿದರು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಸಿಲಿಕಾದ ಪುಟ್ಟ ಗುಂಡುಗಳು, ಮೂರು ದಿಕ್ಕಿಗೂ ಒತ್ತೊತ್ತಾಗಿ ಜೋಡಿಸಿಟ್ಟಂತೆ. ಓಪಲ್ ಸಮಪದರಿಯಿಂದ ಬಂಧುವರ್ಗಕ್ಕೆ ವರ್ಗವಾಯಿತು. ಗುಂಡುಗಳ ಸಾಲನ್ನೂ ಒಂದು ದಿಕ್ಕಿನಿಂದ ನೋಡಿದರೆ ಪದರವೇ ಅಲ್ಲವೇ ಎಂದು ಪೂರ್ವಪಕ್ಷಿ ತಲೆ ವಾರೆ ಮಾಡುತ್ತ ಕೇಳಿದ. ಪ್ರಶ್ನೆ ಸರಿಯಾಗಿಯೇ ಇದೆ. ಆದ್ದರಿಂದ ಉತ್ತರಿಸದೆ ಮುಂದುವರಿಯುತ್ತೇವೆ.

ಆಭಾಸಕ್ಕೆ ಸಿ.ಡಿ. ಉತ್ತಮ ನಿದರ್ಶನ: ಅಲ್ಲಿ ಕೆಲಸ ಮಾಡುವುದು ಸಾಲುಗೀರು, ಪದರವಲ್ಲ. ಆಟೋ ಹಿಂಬದಿಯಲ್ಲಿ ತೂಗುವ ಸಿ.ಡಿ.ಗೆ ಈ ಗ್ರಂಥದಲ್ಲಿ ಹಕ್ಕಿಲ್ಲ.

ವಿಕಾರಪ್ರಕರಣ

ಸೂತ್ರ 9: ಓರೆಯಾದರೆ ಎಲ್ಲ ಜಾತಿಯೂ ನೀಲಿಯತ್ತ ಸರಿಯುತ್ತದೆ.

ಪೂರ್ವಪಕ್ಷ: ಓರೆಯಾಗಿ ಹೊಕ್ಕ ಬೆಳಕು ಪದರದೊಳಗೆ ಹೆಚ್ಚು ದೂರ ನಡೆಯಬೇಕು. ದೂರ ಹೆಚ್ಚಿದರೆ ಉದ್ದನೆಯ ಅಲೆ ಹೊಂದಬೇಕು. ಅಂದರೆ ಬಣ್ಣ ಕೆಂಪಿನತ್ತ ಸರಿಯಬೇಕಲ್ಲ?

ಸಿದ್ಧಾಂತ: ಇಲ್ಲಿ ಎಣಿಸಬೇಕಾದದ್ದು ನಡೆದ ದೂರವನ್ನಲ್ಲ, ಇಬ್ಬರ ನಡುವಿನ ವ್ಯತ್ಯಾಸವನ್ನು. ಓರೆಯಾದಾಗ ಕೆಳಗಡಿಯಿಂದ ಮರಳುವ ಕಿರಣ ಮೇಲ್ಮೈಯಲ್ಲಿ ಬದಿಗೆ ಸರಿದು ಹೊರಬರುತ್ತದೆ. ಅಷ್ಟರಲ್ಲಿ ಮೇಲ್ಗಡಿಯಿಂದ ಮರಳಿದ ಕಿರಣವೂ ಹೊರಗೆ ಗಾಳಿಯಲ್ಲಿ ಒಂದಿಷ್ಟು ದಾರಿ ಸಾಗಿರುತ್ತದೆ. ಇವನ ಹೆಚ್ಚುವರಿಯಿಂದ ಅವನ ಹೆಚ್ಚುವರಿಯನ್ನು ಕಳೆದರೆ ವ್ಯತ್ಯಾಸ ನೇರ ನೋಟಕ್ಕಿಂತ ಕಡಿಮೆ. ಕಡಿಮೆ ವ್ಯತ್ಯಾಸಕ್ಕೆ ಹೊಂದುವುದು ಚಿಕ್ಕ ಅಲೆ, ಅಂದರೆ ನೀಲಿ. ನಮ್ಮ ಹತ್ತು ಜೋಡಿಯ ಕನ್ನಡಿಯ ನಡುಬಣ್ಣ ನೇರದಲ್ಲಿ 550 ನ್ಯಾನೋಮೀಟರ್ ಇದ್ದದ್ದು 45 ಡಿಗ್ರಿ ಓರೆಯಲ್ಲಿ 500ರ ಸುಮಾರಿಗೆ ಇಳಿಯುತ್ತದೆ.

ಪೂರ್ವಪಕ್ಷಿ ಈಗ ಗೆದ್ದವನಂತೆ ನಗುತ್ತಾನೆ. ‘ಹಾಗಾದರೆ ಸಮಪದರಿ ಹಸಿರು, ದೋಷಗರ್ಭ ಕೆಂಪು ಎಂದೆಲ್ಲ ನೀವು ಕಟ್ಟಿದ ಕೋಣೆಗಳು ನಾನು ಕತ್ತು ಕೊಂಕಿಸಿದರೆ ಕುಸಿಯುತ್ತವಲ್ಲ?’ ಕುಸಿಯುತ್ತವೆ. ದ್ರವ್ಯದ ಬಣ್ಣ ವಸ್ತುವಿನದು. ಅಳತೆಯ ಬಣ್ಣ ವಸ್ತು, ದೀಪ, ಕಣ್ಣು ಮೂವರ ಜಂಟಿ ಖಾತೆ. ಎಲ್ಲಿ ನಿಂತು ನೋಡಿದ್ದೆಂದು ಬರೆಯದೆ ಇಲ್ಲಿ ಯಾವ ಜಾತಿಪತ್ರವೂ ಸಿಂಧುವಲ್ಲ.

ಸೂತ್ರ 10: ಓರೆಯಲ್ಲಿ ಬೆಳಕು ಎರಡಾಗುತ್ತದೆ, ಅದರಲ್ಲೊಂದಕ್ಕೆ ಸುಂಕ ಮಾಫಿಯ ಕೋನವೊಂದುಂಟು.

ವೃತ್ತಿ: ಧ್ರುವೀಕರಣದ ಇಬ್ಬರಲ್ಲಿ ಒಬ್ಬ ಬ್ರೂಸ್ಟರ್ ಕೋನದಲ್ಲಿ ಗಡಿಯನ್ನು ಒಂದಿಷ್ಟೂ ಮರಳದೆ ದಾಟುತ್ತಾನೆ, ಗಾಜಿನಲ್ಲಿ ಅದು ಸುಮಾರು 57 ಡಿಗ್ರಿ. ಇದರಿಂದ ಯಾವ ಸಮಪದರಿಯೂ ಸರ್ವದಿಕ್ಕಿಗೆ ಕನ್ನಡಿಯಾಗಲಾರದೆಂದು ಬಹುಕಾಲ ನಂಬಿದ್ದರು. ಅಪವಾದ ಮೂರು. 1998ರಲ್ಲಿ ಅಮೆರಿಕದ ಎಂಐಟಿಯಲ್ಲಿ ಯೋಯೆಲ್ ಫಿಂಕ್ ಮತ್ತಿತರರು ಟೆಲ್ಲೂರಿಯಂ ಮತ್ತು ಪಾಲಿಸ್ಟೈರೀನ್‌ನ ಒಂಬತ್ತೇ ಪದರಗಳಿಂದ 10ರಿಂದ 15 ಮೈಕ್ರೋಮೀಟರಿನ ಅವಕೆಂಪನ್ನು ಯಾವ ಕೋನದಿಂದ ಬಂದರೂ ತಿರುಗಿಸಿ ಕಳಿಸಿದರು. ಗುಟ್ಟು ಇಷ್ಟೇ: ಅಂಕಗಳ ಅಂತರ ಅಷ್ಟು ದೊಡ್ಡದಾಗಿದ್ದರೆ ಗಾಳಿಯಿಂದ ಒಳಹೊಕ್ಕ ಬೆಳಕು ಬಹಳ ಬಾಗಿಬಿಡುತ್ತದೆ, ಒಳಗಿನ ಮಾಫಿ ಕೋನವನ್ನು ಮುಟ್ಟಲಾರದು. 2000ರಲ್ಲಿ 3ಎಂ ಕಂಪನಿಯವರು ದಿಕ್ಕಿಗೊಂದು ಅಂಕವಿರುವ ಪ್ಲಾಸ್ಟಿಕ್ಕಿನ ನೂರಾರು ಪದರ ಪೇರಿಸಿ ಆ ಮಾಫಿಯನ್ನೇ ರದ್ದುಪಡಿಸಿದರು. ಆ ಜಾತಿಯ ಹಾಳೆಗಳು ಎಲ್‌ಸಿಡಿ ಪರದೆಗಳ ಬೆನ್ನಿಗಿವೆ. ಮೂರನೆಯವು ಬೂತಾಯಿಯ ನೆಂಟರಾದ ಯುರೋಪಿನ ಸಾರ್ಡೀನ್ ಮತ್ತು ಹೆರಿಂಗ್: ಎರಡು ಬಗೆಯ ಗ್ವಾನೀನ್ ಹರಳು ಬೆರೆಸಿ ಅವೂ ಮಾಫಿ ತಪ್ಪಿಸಿಕೊಂಡಿವೆಯೆಂದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2012ರಲ್ಲಿ ತೋರಿಸಿದರು. ಮೀನು ಪೇಟೆಂಟಿಗೆ ಅರ್ಜಿ ಹಾಕಿಲ್ಲ.

ಸೂತ್ರ 11: ತೇವ ಹಿಡಿದರೆ ಮಾತ್ರ ಕೆಂಪಿನತ್ತ.

ವೃತ್ತಿ: ಲೇಪ ಹಚ್ಚುವವರ ಕೋಣೆಯನ್ನು ಇಣುಕೋಣ. ಉಕ್ಕಿನ ಚೇಂಬರಿನಿಂದ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತಾರೆ. ತಳದಲ್ಲಿ ನೀರಿನಿಂದ ತಂಪಾಗಿಟ್ಟ ತಾಮ್ರದ ಗುಳಿಯಲ್ಲಿ ಆಕ್ಸೈಡಿನ ಹರಳುಗಳು; ಎಲೆಕ್ಟ್ರಾನ್ ಕಿರಣ ಬಾಗಿ ಬಂದು ಅವನ್ನು ಕಾಯಿಸಿ ಆವಿ ಮಾಡುತ್ತದೆ. ಮೇಲೆ ಬೋರಲು ಬಾಣಲೆಯಂಥ ಹಿಡಿಕೆಯಲ್ಲಿ ಮಸೂರಗಳು ಸುತ್ತುತ್ತಿರುತ್ತವೆ, ಎಲ್ಲಕ್ಕೂ ಸಮನಾಗಿ ಕೂರಲೆಂದು. ಪಕ್ಕದಲ್ಲೊಂದು ಸ್ಫಟಿಕದ ಬಿಲ್ಲೆ ಕಂಪಿಸುತ್ತಿರುತ್ತದೆ. ಅದರ ಮೇಲೂ ಆವಿ ಕೂತು ತೂಕ ಏರಿದಂತೆ ಕಂಪನ ನಿಧಾನವಾಗುತ್ತದೆ, ಆ ನಿಧಾನದಿಂದಲೇ ದಪ್ಪ ತಿಳಿಯುತ್ತದೆ. ಅಳತೆ ಮುಟ್ಟಿದ ಕ್ಷಣ ಶಟರ್ ಮುಚ್ಚುತ್ತದೆ. ಹೀಗೆ ಕೂತ ಪದರದಲ್ಲಿ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಚೇಂಬರ್ ತೆರೆದೊಡನೆ ಗಾಳಿಯ ತೇವ ಅಲ್ಲಿ ನುಗ್ಗಿ ಅಂಕ ಏರಿ, ಫಿಲ್ಟರಿನ ಬಣ್ಣ ಕೆಂಪಿನತ್ತ ಜರುಗುತ್ತದೆ. ಅದಕ್ಕೇ ಅಯಾನುಗಳಿಂದ ಬಡಿದು ಪದರವನ್ನು ಗಟ್ಟಿಮಾಡುವ ವಿಧಾನ ಬಂತು. ಓರೆ ನೋಡಿದರೆ ನೀಲಿಗೆ, ಒದ್ದೆಯಾದರೆ ಕೆಂಪಿಗೆ: ಪದರದ ಚಂಚಲತೆಯಲ್ಲೂ ಎಷ್ಟೊಂದು ಶಿಸ್ತು!

ಫಲಶ್ರುತಿ

ಇದನ್ನು ಓದಿದವನು ಪೆಟ್ರೋಲ್ ಬಂಕಿನ ಮುಂದೆ ಕಾಮನಬಿಲ್ಲು ಕಾಣುವುದಿಲ್ಲ. ಅಂಗಡಿಯವನು ‘ಬ್ಲೂ ಕಟ್’ ಮಹಿಮೆ ತೋರಿಸಲು ನೇರಳೆ ಟಾರ್ಚನ್ನು ಮಸೂರಕ್ಕೆ ಬಿಟ್ಟು, ಆಚೆ ಕಾರ್ಡಿನ ಮೇಲೆ ಚುಕ್ಕೆ ಬೀಳಲಿಲ್ಲ ನೋಡಿ ಎಂದಾಗ ಬೆರಗಾಗುವುದಿಲ್ಲ. ಅಂಥ ಟಾರ್ಚಿನ ಬೆಳಕು ಸಾಮಾನ್ಯವಾಗಿ 405 ನ್ಯಾನೋಮೀಟರ್, ಫೋನಿನ ಪರದೆಯ ನೀಲಿ 450ರ ಆಸುಪಾಸು. ಒಂದನ್ನು ತಡೆದದ್ದಕ್ಕೆ ಇನ್ನೊಂದನ್ನೂ ತಡೆದಂತಲ್ಲ ಎಂದು ಅವನಿಗೆ ಗೊತ್ತಿರುತ್ತದೆ. ನವಿಲಿಗೂ ಜೀರ್ಜಿಂಬೆಗೂ ಬಣ್ಣ ಬಳಿದವರಾರು ಎಂದು ಮಕ್ಕಳು ಕೇಳಿದರೆ ಯಾರೂ ಬಳಿದಿಲ್ಲ, ಅಳೆದಿದ್ದಾರೆ ಎನ್ನುತ್ತಾನೆ. ಯಾವ ಹೊಳಪಿಗೂ ಹೆಸರಿಡುವ ಮುನ್ನ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನೋಡುತ್ತಾನೆ. ಪೂರ್ವಪಕ್ಷಿಯಿಂದ ಕಲಿತ ಒಂದೇ ಒಳ್ಳೆಯ ಚಾಳಿ ಇದು.

ಸಂಶಯವುಳ್ಳವರಿಗೆ ಕೊನೆಯ ಪ್ರಯೋಗ ಜೇಬಿನಲ್ಲೇ ಇದೆ. ಮೈಸೂರಿನಲ್ಲಿ ನೋಟು ಮುದ್ರಿಸುವ ಕಾರ್ಖಾನೆಯಿದೆ. ಅಲ್ಲಿಯದೋ ಇನ್ನೆಲ್ಲಿಯದೋ, ಒಂದು ಐನೂರರ ನೋಟು ಹಿಡಿದು ಅದರ ಭದ್ರತಾ ದಾರವನ್ನು ನೇರವಾಗಿ ನೋಡಿ, ಬಳಿಕ ಓರೆ ಮಾಡಿ. ಒಂಬತ್ತನೇ ಸೂತ್ರದಂತೆ ಹಸಿರು ನೀಲಿಗೆ ಸರಿಯಬೇಕು. ಸರಿಯದಿದ್ದರೆ ಶಾಸ್ತ್ರವನ್ನು ಅನುಮಾನಿಸಬೇಡಿ, ನೋಟನ್ನು ಅನುಮಾನಿಸಿ.